ಅಂಕಲ್ ಕೈಗೂ ಒಂದು ಮೈಕ್ ಕೊಡೋಣ

ನಮ್ಮ ಕ್ಲಾಸ್ ವಾಟ್ಸಾಪ್ ಗ್ರೂಪಲ್ಲಿ ಒಂದು ಸ್ಟಿಕರ್ ಇದೆ. ಹೊಟ್ಟೆ ಸ್ವಲ್ಪ ಮುಂದೆ ಬಂದಿರೋ ಒಬ್ಬ ಅಂಕಲ್, ಇಸ್ತ್ರಿ ಮಾಡಿದ ಶರ್ಟು, ಕೈಯಲ್ಲಿ ಕಾರ್ಡ್‌ಲೆಸ್ ಮೈಕು, ಕಣ್ಣು ಮುಚ್ಚಿಕೊಂಡು ಹಾಡ್ತಿದ್ದಾರೆ. ಯಾವುದೋ ರಿಸೆಪ್ಶನ್‌ನಲ್ಲಿ ತೆಗೆದ ಫೋಟೋ ಇರಬೇಕು. ಇಂಟರ್ನಲ್ಸ್ ಮಾರ್ಕ್ಸ್ ಬಂದಾಗ, ಬಸ್ ತಪ್ಪಿದಾಗ, ಸುಮ್ನೆ ಬೋರ್ ಆದಾಗ ಯಾರಾದ್ರೂ ಅದನ್ನ ಹಾಕ್ತೀವಿ, ಉಳಿದವರು ನಗ್ತೀವಿ. ಅವರು ಯಾರು, ಯಾವ ಊರಿನವರು, ಆವತ್ತು ಯಾವ ಹಾಡು ಹಾಡ್ತಿದ್ರು, ನಮಗೆ ಒಂದೂ ಗೊತ್ತಿಲ್ಲ. ಮೊನ್ನೆ ಮೊನ್ನೆವರೆಗೆ ಗೊತ್ತಿರಬೇಕು ಅಂತಲೂ ಅನ್ಸಿರ್ಲಿಲ್ಲ.

ಆಮೇಲೆ ನಾವು ನಾಲ್ಕು ಜನ ಸೋಗಾನೆಗೆ ಹೋದ್ವಿ.

ಶಿವಮೊಗ್ಗದವರಿಗೆ ಸೋಗಾನೆ ಅಂದ್ರೆ ಈಗ ವಿಮಾನ ನಿಲ್ದಾಣ. ಅದಕ್ಕೂ ಮುಂಚೆ ಸೋಗಾನೆ ಅಂದ್ರೆ ಜೈಲು. ಎರಡೂ ಅಲ್ಲದ ಸೋಗಾನೆ ಒಂದಿದೆ. ಅಲ್ಲಿ ನಮ್ಮ ಗೆಳೆಯನ ದೊಡ್ಡಪ್ಪನ ಮನೆ. ಹಿಂದಿನ ದಿನ ಗೃಹಪ್ರವೇಶ ಆಗಿತ್ತು, ಉಳಿದ ಹೋಳಿಗೆ ಖಾಲಿ ಮಾಡೋಕೆ ನಮ್ಮನ್ನ ಕರೆದಿದ್ರು. ಊಟ ಆದಮೇಲೆ ದೊಡ್ಡಪ್ಪ ಒಳಗಿಂದ ಒಂದು ಟ್ರಾಲಿ ಸ್ಪೀಕರ್ ಎಳ್ಕೊಂಡು ಬಂದ್ರು. ಬಣ್ಣಬಣ್ಣದ ಲೈಟು ಮಿನುಗೋದು, ಚಕ್ರ ಇರೋದು, ಎರಡು ಮೈಕ್ ಜೊತೆ ಬರೋದು. ನಾವು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಸ್ಟಿಕರ್ ಎಲ್ಲರಿಗೂ ನೆನಪಾಗಿತ್ತು.

"ಕೂತ್ಕಳ್ರೋ, ಎರಡೇ ಹಾಡು" ಅಂದ್ರು. ಎರಡು ಅಂದಿದ್ದು ಒಂಬತ್ತಾಯ್ತು.

ದೊಡ್ಡಪ್ಪನಿಗೆ ಐವತ್ತಾರು. ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡ್ತಿದ್ರು, ಈಗ ಅದಿಲ್ಲ. ಒಂದು ಗೂಡ್ಸ್ ಗಾಡಿ ಇಟ್ಕೊಂಡಿದ್ದಾರೆ. ಮಾತು ಕಡಿಮೆ. ನಮ್ಮ ಗೆಳೆಯ ಹೇಳೋ ಪ್ರಕಾರ, ಅವನು ಹುಟ್ಟಿದಾಗಿಂದ ದೊಡ್ಡಪ್ಪ ಅವನ ಜೊತೆ ಆಡಿರೋ ಮಾತು "ಓದ್ತಿದ್ದೀಯಾ?", "ಊಟ ಆಯ್ತಾ?", "ಗಾಡಿ ನಿಧಾನ ಓಡ್ಸು", ಇಷ್ಟೇ. ಅವತ್ತು ಅವರು ಪಿ.ಬಿ. ಶ್ರೀನಿವಾಸ್ ದನಿಯ ಒಂದು ಹಳೇ ಹಾಡು ಹಾಡಿದ್ರು. ಶ್ರುತಿ ಅಲ್ಲಲ್ಲಿ ಜಾರ್ತಿತ್ತು, ನಿಜ. ಎರಡನೇ ಚರಣಕ್ಕೆ ಬಂದಾಗ ಕಣ್ಣು ಮುಚ್ಚಿದ್ರು, ಥೇಟ್ ಸ್ಟಿಕರ್ ತರಾನೇ. ಹಾಡು ಮುಗಿದ ಮೇಲೆ ಮೈಕ್ ಆಫ್ ಮಾಡದೆ ಒಂದು ಮಾತು ಹೇಳಿದ್ರು. "ಇದನ್ನ ನಮ್ಮಪ್ಪ ಸೈಕಲ್ ತುಳೀತಾ ಹಾಡ್ತಿದ್ರು. ನಾನು ಮುಂದಿನ ರಾಡ್ ಮೇಲೆ ಕೂತಿರ್ತಿದ್ದೆ. ಮುಖ ನೆನಪಿಗೆ ಬರಲ್ಲ ಈಗ, ದನಿ ಬರುತ್ತೆ." ಆಮೇಲೆ ಏನೂ ಆಗದವರ ಹಾಗೆ ಮುಂದಿನ ಟ್ರ್ಯಾಕ್ ಹುಡುಕೋಕೆ ಶುರು ಮಾಡಿದ್ರು. ತನ್ನ ತಾತ ಹಾಡ್ತಿದ್ರು ಅನ್ನೋದು ನಮ್ಮ ಗೆಳೆಯನಿಗೆ ಗೊತ್ತಾಗಿದ್ದೇ ಅವತ್ತು.

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಅಂಕಲ್‌ಗಳ ಕರೋಕೆಯನ್ನ ನಾವು ಮೀಮ್ ಮಾಡಿದ್ದು ತಪ್ಪು. ನಮ್ಮ ಊರುಗಳ ನಡುವಯಸ್ಸಿನ ಗಂಡಸರಿಗೆ ಮನಸ್ಸು ಬಿಚ್ಚೋಕೆ ಉಳಿದಿರೋ ಜಾಗ ತುಂಬಾ ಕಡಿಮೆ, ಅದರಲ್ಲಿ ಇದೊಂದು. ಅದಕ್ಕೆ ನಮ್ಮ ಕನ್ನಡ ಸಂಘ ಏನಾದ್ರೂ ಮಾಡಬೇಕು, ಮಾಡಬಹುದು ಕೂಡ. ಹೇಗೆ ಅಂತ ಕೊನೆಗೆ ಹೇಳ್ತೀವಿ.

ಮೊದಲು ಈ ಕರೋಕೆ ಎಲ್ಲಿಂದ ಬಂತು ನೋಡೋಣ. ಪದ ಜಪಾನಿನದು. ‘ಕರ’ ಅಂದ್ರೆ ಖಾಲಿ, ‘ಓಕೆ’ ಅಂದ್ರೆ ಅವರ ಬಾಯಲ್ಲಿ ‘ಓಕೆಸುತೊರ’ ಆದ ಆರ್ಕೆಸ್ಟ್ರಾದ ಮೊದಲ ತುಂಡು. ಹಾಡುಗಾರ ಇಲ್ಲದ ಖಾಲಿ ಆರ್ಕೆಸ್ಟ್ರಾ. ಕೋಬೆ ನಗರದ ಬಾರ್‌ಗಳಲ್ಲಿ ಗಿರಾಕಿಗಳು ಹಾಡುವಾಗ ವಾದ್ಯ ನುಡಿಸ್ತಿದ್ದ ದೈಸುಕೆ ಇನೌಯೆ 1971ರಲ್ಲಿ ಕಾಸು ಹಾಕಿದರೆ ಹಿನ್ನೆಲೆ ಸಂಗೀತ ನುಡಿಸುವ ಒಂದು ಯಂತ್ರ ಮಾಡಿಸಿದರು. ಅವರಿಗಿಂತ ಮೊದಲೇ, 1967ರಲ್ಲಿ, ಟೋಕಿಯೋದ ಶಿಗೆಇಚಿ ನೆಗಿಶಿ ಇಂಥದ್ದೇ ಪೆಟ್ಟಿಗೆ ಮಾಡಿದ್ದರು ಅನ್ನೋ ವಾದವೂ ಇದೆ. ಇನೌಯೆ ಪೇಟೆಂಟ್ ತಗೊಳ್ಳಲಿಲ್ಲ. ದುಡ್ಡು ಬೇರೆಯವರು ಮಾಡಿದ್ರು. 2004ರಲ್ಲಿ ಇವರಿಗೆ ಇಗ್ ನೊಬೆಲ್ ಶಾಂತಿ ಪ್ರಶಸ್ತಿ ಸಿಕ್ತು. ಕಾರಣ ಏನು ಗೊತ್ತಾ? ಜನ ಒಬ್ಬರನ್ನೊಬ್ಬರು ಸಹಿಸಿಕೊಳ್ಳೋದನ್ನ ಕಲಿಯೋಕೆ ಹೊಸ ದಾರಿ ತೋರಿಸಿದ್ದಕ್ಕೆ! ಒಂಬತ್ತು ಹಾಡು ಕೇಳಿದ ನಾವು ಇದನ್ನ ಒಪ್ತೀವಿ.

ಅಲ್ಲೂ ಶುರುವಿನಲ್ಲಿ ಕರೋಕೆ ನಮ್ಮ ವಯಸ್ಸಿನವರದಾಗಿರಲಿಲ್ಲ. ಆಫೀಸು ಮುಗಿಸಿ ಸಣ್ಣ ಬಾರ್‌ಗೆ ಬರುವ ನಡುವಯಸ್ಸಿನ ಗಂಡಸರದಾಗಿತ್ತು. ಅವರು ಹೆಚ್ಚಾಗಿ ಹಾಡ್ತಿದ್ದದ್ದು ‘ಎಂಕಾ’ ಅನ್ನೋ ಥರದ ಹಾಡುಗಳು. ಬಿಟ್ಟುಬಂದ ಊರು, ಬಂದರು, ಮಳೆ, ರೈಲು, ಕುಡಿತ, ತಾಯಿ, ಅಗಲಿದ ಹೆಣ್ಣು, ಅದರೊಳಗೆ ಇರೋದು ಇವೇ. 1964ರಲ್ಲಿ ಇಝಾವಾ ಹಾಚಿರೋ ಹಾಡಿದ ಒಂದು ಪ್ರಸಿದ್ಧ ಹಾಡು ಟೋಕಿಯೋದ ಉಎನೋ ರೈಲು ನಿಲ್ದಾಣದ ಬಗ್ಗೆ. ಯುದ್ಧ ಮುಗಿದ ಮೇಲಿನ ದಶಕಗಳಲ್ಲಿ ಉತ್ತರದ ಹಳ್ಳಿಗಳಿಂದ ಹದಿನೈದು ವರ್ಷದ ಹುಡುಗರು, ಹುಡುಗಿಯರು ಗುಂಪು ಗುಂಪಾಗಿ ರೈಲು ಹತ್ತಿ ಕಾರ್ಖಾನೆ, ಅಂಗಡಿಗಳ ಕೆಲಸಕ್ಕೆ ಬಂದು ಇಳೀತಿದ್ದದ್ದು ಅಲ್ಲಿಯೇ. ಆ ಹುಡುಗರು ಮುಂದೆ ನಲವತ್ತು, ಐವತ್ತು ದಾಟಿದಾಗ ಮೈಕ್ ಹಿಡಿದು ಅದನ್ನೇ ಹಾಡಿದ್ರು. ಹಾಡು ಮೂರೂವರೆ ನಿಮಿಷ. ಅಷ್ಟು ಹೊತ್ತು ಅಳೋಕೆ ಪರ್ಮಿಶನ್ ಇತ್ತು.

ಈಗ ವಾಪಸ್ ಭದ್ರಾವತಿಗೆ ಬನ್ನಿ. ನಮ್ಮ ಕಾರ್ಖಾನೆಯೂ ಸಣ್ಣದೇನಲ್ಲ. ಕಬ್ಬಿಣದ ಕಾರ್ಖಾನೆ 1923ರಿಂದ ಕಬ್ಬಿಣ ತೆಗೆದಿದೆ. 1936ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯ್ತು. ಸುತ್ತಮುತ್ತಲಿನ ಹಳ್ಳಿಗಳಿಂದ, ಬೇರೆ ರಾಜ್ಯಗಳಿಂದಲೂ ಜನ ಬಂದು ನೆಲೆ ನಿಂತರು. ನ್ಯೂಟೌನ್, ಪೇಪರ್‌ಟೌನ್ ಅಂತ ಊರೊಳಗೆ ಊರುಗಳೇ ಎದ್ದವು. ಕಾಗದದ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತಿದ್ದು 2015ರಲ್ಲಿ. 2023ರ ಜನವರಿಯಲ್ಲಿ ವಿಐಎಸ್‌ಎಲ್ ಮುಚ್ಚುವ ತೀರ್ಮಾನದ ಸುದ್ದಿ ಬಂತು, ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಮಾರನೇ ತಿಂಗಳು, ಫೆಬ್ರವರಿ 27ಕ್ಕೆ, ಸೋಗಾನೆಯಲ್ಲಿ ವಿಮಾನ ನಿಲ್ದಾಣದ ಉದ್ಘಾಟನೆ. ಎರಡೂ ಜಾಗಗಳ ನಡುವೆ ಇರೋದು ಸ್ವಲ್ಪ ದೂರ. ನಮಗೆ ಆ ವರ್ಷ ನೆನಪಿರೋದು ವಿಮಾನಕ್ಕೆ. ದೊಡ್ಡಪ್ಪನ ವಯಸ್ಸಿನವರಿಗೆ ನೆನಪಿರೋದು ಇನ್ನೊಂದಕ್ಕೆ.

ಇವರೆಲ್ಲರ ತಲೆಗೆ ಈ ಹಾಡುಗಳನ್ನ ತುಂಬಿದ್ದು ಯಾರು ಅಂತ ಕೇಳಿದ್ರೆ ಉತ್ತರ ಒಂದೇ: ರೇಡಿಯೋ. ಭದ್ರಾವತಿ ಆಕಾಶವಾಣಿ ಕೇಂದ್ರ ಶುರುವಾಗಿದ್ದು 1965ರಲ್ಲಿ. ಸ್ಪಾಟಿಫೈಯಲ್ಲಿ ನಾವು ಹಾಡನ್ನ ಆಯ್ಕೆ ಮಾಡ್ತೀವಿ, ಬೇಡ ಅಂದ್ರೆ ಸ್ಕಿಪ್ ಮಾಡ್ತೀವಿ. ಅವರಿಗೆ ಸ್ಕಿಪ್ ಇರ್ಲಿಲ್ಲ. ಕೋರಿಕೆ ಕಾರ್ಯಕ್ರಮಕ್ಕೆ ಕಾರ್ಡ್ ಬರೆದು ಹಾಕಿ, ತಮ್ಮ ಹೆಸರು ಓದ್ತಾರಾ ಅಂತ ಕಿವಿ ಕೊಟ್ಟು ಕೂರ್ತಿದ್ರಂತೆ. ಒಂದು ರೇಡಿಯೋ ಹಾಕಿದ್ರೆ ಇಡೀ ಸಾಲುಮನೆಗೆ ಕೇಳ್ಸೋದು. ಹೀಗಾಗಿ ಅಪ್ಪನ ಕಾಲದ ಪಿಬಿಎಸ್ ಹಾಡು, 1974ರ ‘ಸಂಪತ್ತಿಗೆ ಸವಾಲ್’ ಆದಮೇಲೆ ಹೆಚ್ಚಾಗಿ ತಮ್ಮ ದನಿಯಲ್ಲೇ ಹಾಡೋಕೆ ಶುರು ಮಾಡಿದ ರಾಜ್‌ಕುಮಾರ್ ಹಾಡು, ತಮ್ಮದೇ ಕಾಲೇಜು ವಯಸ್ಸಿನ ‘ಪ್ರೇಮಲೋಕ’ದ (1987) ಎಸ್‌ಪಿಬಿ ಹಾಡು, ಮೂರೂ ಒಂದೇ ತಲೆಯಲ್ಲಿ ಕೂತಿವೆ. ಏಪ್ರಿಲ್ 24ಕ್ಕೆ ರಾಜ್ ಹುಟ್ಟುಹಬ್ಬ, ಸೆಪ್ಟೆಂಬರ್ 25ಕ್ಕೆ ಎಸ್‌ಪಿಬಿ ತೀರಿಹೋದ ದಿನ. ಆ ದಿನಗಳಲ್ಲಿ ಅಂಕಲ್‌ಗಳ ಸ್ಟೇಟಸ್ ನೋಡಿ, ಒಬ್ಬರಾದ ಮೇಲೆ ಒಬ್ಬರು ಹಾಡಿ ಹಾಕಿರ್ತಾರೆ.

"ಹಾಡು ಬರದಿದ್ರೂ ಯಾಕೆ ಹಾಡ್ಬೇಕು?" ಅನ್ನೋದು ನಮ್ಮೊಳಗೇ ಬಂದ ಪ್ರಶ್ನೆ. ಇದಕ್ಕೆ ನಮ್ಮದೊಂದು ಮರುಪ್ರಶ್ನೆ: ಕ್ರಿಕೆಟ್ ಸರಿಯಾಗಿ ಬರದಿದ್ರೂ ಹಾಸ್ಟೆಲ್ ಹಿಂದೆ ದಿನಾ ಸಂಜೆ ನಾವು ಯಾಕೆ ಆಡ್ತೀವಿ? ಶಿವಮೊಗ್ಗ ಸುಬ್ಬಣ್ಣ ವಕೀಲರಾಗಿದ್ದವರು, ಹಾಡ್ತಾ ಹಾಡ್ತಾ ‘ಕಾಡು ಕುದುರೆ’ ಚಿತ್ರದ ಹಾಡಿಗೆ ರಾಷ್ಟ್ರ ಪ್ರಶಸ್ತಿ ತಂದರು. ಎಲ್ಲರೂ ಸುಬ್ಬಣ್ಣ ಆಗಲ್ಲ, ಸರಿ. ಆದ್ರೆ ಹಾಡೋದನ್ನ ಪ್ರಶಸ್ತಿ ತರೋರಿಗೆ ಮಾತ್ರ ಬಿಟ್ಟುಕೊಟ್ಟಿದ್ದು ಯಾವಾಗ? ಮೊದಲು ಹೊಲದಲ್ಲಿ, ಸೈಕಲ್ ಮೇಲೆ, ಬಾವಿಕಟ್ಟೆಯಲ್ಲಿ ಹಾಡ್ತಿದ್ರು. ನಾವು ಇಯರ್‌ಫೋನ್ ಹಾಕ್ಕೊಂಡು ದಿನಕ್ಕೆ ಮೂರು ಗಂಟೆ ಹಾಡು ಕೇಳ್ತೀವಿ. ಅವತ್ತು ದೊಡ್ಡಪ್ಪ ನಮ್ಮ ಕೈಗೆ ಮೈಕ್ ಕೊಟ್ಟಾಗ, ನಾಲ್ಕು ಜನಕ್ಕೆ ಸೇರಿ ಒಂದು ಕನ್ನಡ ಹಾಡು ಪೂರ್ತಿ ಬರ್ಲಿಲ್ಲ. ‘ಮುಂಗಾರು ಮಳೆ’ಯದ್ದೂ ಪಲ್ಲವಿ ಮುಗಿದ ಮೇಲೆ ಲಲಲಾ.

ನಾವು ಎಂಜಿನಿಯರಿಂಗ್ ಓದೋರು, ಇದರ ಒಳಗಿನ ಕೆಲಸವನ್ನೂ ಸ್ವಲ್ಪ ನೋಡಿದ್ವಿ. ಹಾಡಿನಿಂದ ಹಾಡುಗಾರನ ದನಿ ತೆಗೆಯೋ ಹಳೇ ಉಪಾಯ ಸರಳ. ಸ್ಟೀರಿಯೋ ರೆಕಾರ್ಡಿಂಗ್‌ನಲ್ಲಿ ದನಿಯನ್ನ ಸಾಮಾನ್ಯವಾಗಿ ಮಧ್ಯದಲ್ಲಿ ಇಟ್ಟಿರ್ತಾರೆ. ಅಂದ್ರೆ ಎಡ, ಬಲ ಎರಡೂ ಚಾನೆಲ್‌ನಲ್ಲಿ ಅದು ಒಂದೇ ಸಮ ಇರುತ್ತೆ. ಎಡದಿಂದ ಬಲವನ್ನ ಕಳೆದ್ರೆ ದನಿ ಸೊನ್ನೆ, ಪಕ್ಕದಲ್ಲಿದ್ದ ವಾದ್ಯಗಳು ಮಾತ್ರ ಉಳೀತವೆ. ಪಿಬಿಎಸ್ ಕಾಲದ ಹಾಡುಗಳು ಬಹುತೇಕ ಮೋನೋ. ಎಡ ಬಲ ಪೂರ್ತಿ ಒಂದೇ. ಕಳೆದ್ರೆ ಹಾಡುಗಾರನ ಜೊತೆ ಆರ್ಕೆಸ್ಟ್ರಾನೂ ಮಾಯ! ಅದಕ್ಕೇ ಹಳೇ ಹಾಡುಗಳ ಟ್ರ್ಯಾಕ್ ಬೇಕು ಅಂದ್ರೆ ಯಾರಾದ್ರೂ ಕೂತು ಕೀಬೋರ್ಡ್, ತಬಲಾ, ಕೊಳಲು ಎಲ್ಲ ಹೊಸದಾಗಿ ನುಡಿಸಿ ಮಾಡಬೇಕಿತ್ತು. ಇತ್ತೀಚೆಗೆ ನ್ಯೂರಲ್ ನೆಟ್‌ವರ್ಕ್ ಬಂದು ಇದು ಬದಲಾಗಿದೆ. 2019ರಲ್ಲಿ ಡೀಜರ್ ಕಂಪನಿ ‘ಸ್ಪ್ಲೀಟರ್’ ಅನ್ನೋ ಸಾಫ್ಟ್‌ವೇರನ್ನ ಓಪನ್ ಸೋರ್ಸ್ ಮಾಡ್ತು. ಮೋನೋ ಹಾಡಿನಿಂದಲೂ ದನಿ ಬೇರೆ, ವಾದ್ಯ ಬೇರೆ ಮಾಡೋಕೆ ಅದು ನೋಡುತ್ತೆ. ಸ್ವಲ್ಪ ಗರಗರ ಉಳಿಯುತ್ತೆ, ಆದ್ರೂ ಹಾಡಬಹುದು.

ಇನ್ನು ಶ್ರುತಿ. ಇಪ್ಪತ್ತೈದರಲ್ಲಿ ಮುಟ್ಟುತ್ತಿದ್ದ ಮೇಲಿನ ಸ್ವರ ಐವತ್ತಾರರಲ್ಲಿ ಸಿಗಲ್ಲ. ಟ್ರ್ಯಾಕ್ ಅನ್ನ ಎರಡು ಸೆಮಿಟೋನ್ ಇಳಿಸಿದ್ರೆ ಸಾಕು, ಹಾಡು ಗಂಟಲಿಗೆ ಹೊಂದುತ್ತೆ. ಒಂದು ಸೆಮಿಟೋನ್ ಅಂದ್ರೆ ಫ್ರೀಕ್ವೆನ್ಸಿಯಲ್ಲಿ ಸುಮಾರು 6% ವ್ಯತ್ಯಾಸ. ಇದು ಗೊತ್ತಿಲ್ಲದೆ ಎಷ್ಟೋ ಅಂಕಲ್‌ಗಳು ಮೇಲಿನ ಸ್ವರಕ್ಕೆ ಒದ್ದಾಡ್ತಾರೆ, ನಾವು ಅದರ ವಿಡಿಯೋ ಮಾಡ್ತೀವಿ. ಸ್ಮ್ಯೂಲ್ ಥರದ ಆ್ಯಪ್‌ನಲ್ಲಿ ಬ್ಲೂಟೂತ್ ಇಯರ್‌ಫೋನ್ ಹಾಕಿ ಹಾಡಿದ್ರೆ ದನಿ ಟ್ರ್ಯಾಕ್‌ಗಿಂತ ತಡವಾಗಿ ರೆಕಾರ್ಡ್ ಆಗುತ್ತೆ, ತಾಳ ತಪ್ಪಿದ ಹಾಗೆ ಕೇಳುತ್ತೆ. ತಪ್ಪು ಬ್ಲೂಟೂತ್‌ದು, ನಗು ಅಂಕಲ್ ಮೇಲೆ. ವೈರ್ ಇರೋ ಇಯರ್‌ಫೋನ್ ಕೊಟ್ರೆ ಆಯ್ತು.

ನಮಗೆ ನಿಜವಾಗಿ ನಾಟಿದ ವಿಷಯ ಬೇರೆ. ಯೂಟ್ಯೂಬಿನಲ್ಲಿ ಸಿಗೋ ಎಷ್ಟೋ ಕನ್ನಡ ಕರೋಕೆಗಳಲ್ಲಿ ಸಾಹಿತ್ಯ ಓಡೋದು ಇಂಗ್ಲಿಷ್ ಅಕ್ಷರದಲ್ಲಿ. ದೊಡ್ಡಪ್ಪನಿಗೆ ಅದನ್ನ ಆ ವೇಗದಲ್ಲಿ ಓದೋಕೆ ಆಗಲ್ಲ. ಅದಕ್ಕೇ ಅವರ ಹತ್ರ ಒಂದು ಉದ್ದ ನೋಟ್‌ಬುಕ್ ಇದೆ, ಇನ್ನೂರು ಪುಟದ್ದು. ಹಾಡು ಕೇಳಿ ಕೇಳಿ ಕೈಯಲ್ಲೇ ಬರ್ಕೊಂಡಿದ್ದಾರೆ, ಉಸಿರು ತಗೊಳ್ಳೋ ಕಡೆ ಕೆಂಪು ಗೆರೆ ಹಾಕಿ. ಅದನ್ನ ನಮ್ಮ ಕೈಗೆ ಕೊಟ್ಟು "ನೀವು ಓದಿದೋರು, ಮುಂದಿನ ಸಾಲು ಹೇಳ್ಕೊಡಿ" ಅಂದ್ರು. ನಾವು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಪ್ರಿಂಟ್ ಆದ ಕನ್ನಡವನ್ನೇ ತಡವರಿಸಿ ಓದ್ತೀವಿ, ಇನ್ನು ಕೈಬರಹದ ಒತ್ತಕ್ಷರ! ನಾವು ಒಂದು ಸಾಲು ಓದಿ ಮುಗಿಸೋದರೊಳಗೆ ಟ್ರ್ಯಾಕ್ ಎರಡು ಸಾಲು ಮುಂದೆ ಹೋಗಿತ್ತು. ಅವರಿಗೆ ಇಂಗ್ಲಿಷ್ ಅಕ್ಷರ ಓಡಲ್ಲ, ನಮಗೆ ಕನ್ನಡ ಅಕ್ಷರ ಓಡಲ್ಲ. ನಾವು ಕನ್ನಡ ಸಂಘದ ಸದಸ್ಯರು ಬೇರೆ. ಅವರು ಬೈಲಿಲ್ಲ, "ಇರ್ಲಿ ಬಿಡ್ರೋ, ನಂಗೇ ಬಾಯಿಗೆ ಬರುತ್ತೆ" ಅಂದ್ರು. ಬೈದಿದ್ರೇ ಒಳ್ಳೇದಿತ್ತು.

ವಿರೋಧದ ಮಾತುಗಳನ್ನೂ ಕೇಳೋಣ. ಒಂದು, ಗಲಾಟೆ. ಇದು ನಿಜವಾದ ದೂರು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಹೊರಗೆ ಧ್ವನಿವರ್ಧಕ ಹಾಕೋ ಹಾಗಿಲ್ಲ. ಪಕ್ಕದ ಮನೆಯಲ್ಲಿ ಎಸ್ಸೆಸ್ಸೆಲ್ಸಿ ಮಗು ಇದ್ರೆ 10ಕ್ಕೂ ಮುಂಚೆಯೇ ನಿಲ್ಲಿಸೋದು ಮರ್ಯಾದೆ. ಅವತ್ತು ಒಂಬತ್ತೂವರೆಗೆ ದೊಡ್ಡಪ್ಪ ತಾವಾಗೇ ಸ್ಪೀಕರ್ ಆಫ್ ಮಾಡಿದ್ರು.

ಎರಡು, ಹೆಂಗಸರು ಎಲ್ಲಿ? ಇದಕ್ಕೆ ನಮ್ಮ ಹತ್ರ ಸುಲಭದ ಉತ್ತರ ಇಲ್ಲ. ದೊಡ್ಡಪ್ಪ ಒಂದು ಯುಗಳಗೀತೆ ಹಾಕಿದಾಗ ಅಡುಗೆಮನೆಯಿಂದ ಎಸ್. ಜಾನಕಿ ಭಾಗ ಕೇಳಿಸ್ತು. ದೊಡ್ಡಮ್ಮ ಪಾತ್ರೆ ತೊಳೀತಾ ಹಾಡ್ತಿದ್ರು, ದೊಡ್ಡಪ್ಪನಿಗಿಂತ ಚೆನ್ನಾಗಿ. ಬನ್ನಿ ಅಂದ್ರೆ "ನಂಗೆಲ್ಲಿ ಪುರುಸೊತ್ತು" ಅಂದ್ರು. ಎರಡನೇ ಮೈಕ್ ಸ್ಪೀಕರ್ ಮೇಲೆ ಸುಮ್ನೆ ಬಿದ್ದಿತ್ತು. ನಾವು ನಾಲ್ಕು ಜನ ಎದ್ದು ಹೋಗಿ ಪಾತ್ರೆ ತೊಳೆದಿದ್ರೆ ಅವರಿಗೆ ಪುರುಸೊತ್ತು ಸಿಗ್ತಿತ್ತು. ಅದು ಹೊಳೆದಿದ್ದು ವಾಪಸ್ ಬರುವಾಗ ಬಸ್ಸಲ್ಲಿ. ಅಂಕಲ್‌ಗಳ ಬಗ್ಗೆ ಬರೀತಾ ಇದನ್ನ ಮುಚ್ಚಿಡೋದು ಸರಿ ಅಲ್ಲ.

ಮೂರು, ಹಳೇದನ್ನೇ ಹಾಡ್ತಾ ಕೂತ್ರೆ ಹೊಸದು ಯಾವಾಗ? ನಮ್ಮ ಪ್ರಕಾರ ಇದು ಅಂಕಲ್‌ಗಳಿಗೆ ಕೇಳೋ ಪ್ರಶ್ನೆಯಲ್ಲ. ಹೊಸದು ಮಾಡಬೇಕಾದವರು ನಾವು. ಮೂವತ್ತು ವರ್ಷ ಆದಮೇಲೆ ನಮ್ಮ ಕೈಗೆ ಮೈಕ್ ಬಂದಾಗ, ಯಾವ ಕನ್ನಡ ಹಾಡು ನಮ್ಮ ಬಾಯಿಗೆ ಪೂರ್ತಿ ಬರುತ್ತೆ ಅಂತ ಈಗಲೇ ಯೋಚಿಸೋದು ಒಳ್ಳೇದು.

ಈಗ ನಮ್ಮದೇ ಒಂದು ತಪ್ಪೊಪ್ಪಿಗೆ. ಹೋದ ನವೆಂಬರ್‌ನಲ್ಲಿ ರಾಜ್ಯೋತ್ಸವದ ದಿನ, ಲ್ಯಾಬ್‌ನಲ್ಲಿ ಕೆಲಸ ಮಾಡೋ ಒಬ್ಬರು ಪೆನ್‌ಡ್ರೈವ್ ಹಿಡ್ಕೊಂಡು ಸ್ಟೇಜ್ ಪಕ್ಕಕ್ಕೆ ಬಂದಿದ್ರು. "ಒಂದು ಹಾಡು, ಟ್ರ್ಯಾಕ್ ತಂದಿದ್ದೀನಿ" ಅಂದ್ರು. ಶರ್ಟ್‌ಗೆ ಕೆಂಪು ಹಳದಿ ಬ್ಯಾಡ್ಜ್ ಹಾಕಿದ್ರು. ನಾವು "ಟೈಮ್ ಇಲ್ಲ ಸರ್, ಮುಂದಿನ ಸಲ" ಅಂದ್ವಿ. ಆಮೇಲೆ ನಲವತ್ತು ನಿಮಿಷ ಡಿಜೆ ಹಾಕಿದ್ವಿ, ಅದರಲ್ಲಿ ಅರ್ಧ ಕನ್ನಡ ಹಾಡೇ ಅಲ್ಲ. ಅವರು ಪೆನ್‌ಡ್ರೈವ್ ಜೇಬಿಗೆ ಹಾಕ್ಕೊಂಡು ಹಿಂದಿನ ಸಾಲಲ್ಲಿ ನಿಂತು ಚಪ್ಪಾಳೆ ತಟ್ಟಿದ್ರು. ಯಾವ ಹಾಡು ತಂದಿದ್ರು ಅಂತ ನಾವು ಕೇಳಲೂ ಇಲ್ಲ. ನಮ್ಮ ಸರ್ಕ್ಯೂಟ್ ಸುಟ್ಟಾಗೆಲ್ಲ ಬೈಯದೆ ಇನ್ನೊಂದು ಐಸಿ ಕೊಡೋ ಮನುಷ್ಯ ಅವರು.

ಅದಕ್ಕೆ ಈ ಸಲ ನಮ್ಮ ಪ್ರಸ್ತಾಪ ಹೀಗಿದೆ. ರಾಜ್ಯೋತ್ಸವದಲ್ಲಿ ಒಂದು ಗಂಟೆ ಕರೋಕೆಗೆ ಇಡೋಣ. ಲ್ಯಾಬ್, ಆಫೀಸು, ಕ್ಯಾಂಟೀನು, ಬಸ್ಸು, ಸೆಕ್ಯೂರಿಟಿ, ಹಾಸ್ಟೆಲ್ ಮೆಸ್ಸು, ಕೆಲಸ ಯಾವುದಾದ್ರೂ ಸರಿ, ಹಾಡ್ತೀನಿ ಅಂದವರಿಗೆಲ್ಲ ಒಂದೊಂದು ಹಾಡು. ಹೆಂಗಸರನ್ನ ನಾವೇ ಹೋಗಿ ಕರೀಬೇಕು, ಆ ಹೊತ್ತಿಗೆ ಅವರ ಕೆಲಸ ನಾವು ನೋಡ್ಕೋಬೇಕು. ಒಂದು ವಾರ ಮುಂಚೆ ಪ್ರಾಕ್ಟೀಸ್ ಇಟ್ಟು, ಯಾರಿಗೆ ಎಷ್ಟು ಶ್ರುತಿ ಇಳಿಸಬೇಕು ನೋಡಿ ಟ್ರ್ಯಾಕ್ ಸಿದ್ಧ ಮಾಡೋ ಕೆಲಸ ಇಸಿ ಬ್ರಾಂಚಿನವರದು. ಸಾಹಿತ್ಯವನ್ನ ಕನ್ನಡ ಅಕ್ಷರದಲ್ಲಿ ಟೈಪ್ ಮಾಡಿ, ಹಾಡಿನ ವೇಗಕ್ಕೆ ಸರಿಯಾಗಿ ಪರದೆ ಮೇಲೆ ಓಡಿಸೋ ಪುಟ್ಟ ಪ್ರೋಗ್ರಾಂ ಸಿಎಸ್‌ನವರು ಬರೀಲಿ. ಹಾಡುಗಳಿಗೆ ಹಕ್ಕುದಾರರು ಇರ್ತಾರೆ, ಹಾಗಾಗಿ ಅದನ್ನ ನೆಟ್‌ಗೆ ಹಾಕೋದು ಬೇಡ, ನಮ್ಮ ಸಭಾಂಗಣದಲ್ಲೇ ಇರ್ಲಿ. ಟೈಪ್ ಮಾಡೋ ಕೆಲಸ ಮಾತ್ರ ಇಂಗ್ಲಿಷ್ ಮೀಡಿಯಂನಿಂದ ಬಂದ ನಮಗೇ ಕೊಡಿ. ಹತ್ತು ಹಾಡು ಟೈಪ್ ಮಾಡೋ ಹೊತ್ತಿಗೆ ಒತ್ತಕ್ಷರ ಓದೋಕಾದ್ರೂ ಬಂದಿರುತ್ತೆ. ವಿಡಿಯೋ ಮಾಡೋರು ಹಾಡಿದವರನ್ನ ಕೇಳಿ ಮಾಡಿ. ಸ್ಟಿಕರ್ ಮಾತ್ರ ಬೇಡ.

ನಮ್ಮ ಗ್ರೂಪಿನ ಆ ಹಳೇ ಸ್ಟಿಕರ್ ನಾವು ನಾಲ್ಕು ಜನ ಡಿಲೀಟ್ ಮಾಡಿದ್ದೀವಿ. ಉಳಿದ ಅರವತ್ತು ಜನರ ಫೋನಲ್ಲಿ ಅದಿನ್ನೂ ಇದೆ, ಇವತ್ತು ಬೆಳಿಗ್ಗೆಯೂ ಒಬ್ಬರು ಹಾಕಿದ್ರು.

ಹಾಗಾಗಿ ಒಂದೇ ಒಂದು ಕೋರಿಕೆ. ಇವತ್ತು ರಾತ್ರಿ ಮನೆಗೆ ಫೋನ್ ಮಾಡಿದಾಗ ಅಪ್ಪನಿಗೋ, ಮಾವನಿಗೋ, ದೊಡ್ಡಪ್ಪನಿಗೋ "ನಿಮ್ಮ ಹಾಡು ಯಾವ್ದು?" ಅಂತ ಕೇಳಿ. ಮೊದಲು "ಯಾಕೋ? ದುಡ್ಡು ಬೇಕಿತ್ತಾ?" ಅಂತಾರೆ. ಫೋನ್ ಇಡಬೇಡಿ, ಇನ್ನೊಂದು ಸಲ ಕೇಳಿ. ಅವರು ಹೇಳಿದ ಹಾಡಿನ ಹೆಸರನ್ನ ಕನ್ನಡದಲ್ಲಿ ಬರೆದು ಸಂಘದ ನೋಟೀಸ್ ಬೋರ್ಡ್ ಕೆಳಗಿನ ಡಬ್ಬಿಗೆ ಹಾಕಿ. ಟ್ರ್ಯಾಕ್ ನಾವು ಹುಡುಕ್ತೀವಿ. ಲ್ಯಾಬಿನ ಸರ್ ಹತ್ರ ಮೊದಲ ಚೀಟಿ ಈಗಾಗಲೇ ಬರೆಸಿಕೊಂಡಿದ್ದೀವಿ.